ಗುಡ್ಡದ ಮೇಲೊಂದು ರಿಪೀಟರ್: ಎರಡು ಮೊಬೈಲ್ ರೇಡಿಯೋಗಳಿಂದ ಮನೆಯಲ್ಲೇ ತಯಾರಿ

(ಮಲೆನಾಡಿನ ಬೇಸಾಯಗಾರರಿಗಾಗಿ ನೀಡಿದ ಭಾಷಣ)



2018ರ ಆಗಸ್ಟ್ ತಿಂಗಳಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದಾಗ ಮಕ್ಕಂದೂರು, ಜೋಡುಪಾಲದಂತಹ ಕಡೆಗಳಲ್ಲಿ ರಸ್ತೆಯೊಡನೆ ಸುದ್ದಿಯ ದಾರಿಯೂ ಕಡಿದುಹೋಯಿತು. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ಭೂಕುಸಿತವಾದಾಗ ಹವ್ಯಾಸಿ ರೇಡಿಯೋದವರು ಕಲ್ಪೆಟ್ಟದ ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೇಂದ್ರ ತೆರೆದು ಸುದ್ದಿ ಸಾಗಿಸಿದರು. ಹ್ಯಾಮ್ ಎಂದು ಕರೆಯುವುದು ಇವರನ್ನೇ. ಮಲೆನಾಡಿನವರು ಈ ವಿದ್ಯೆಯತ್ತ ಗಮನ ಕೊಡಲು ಬೇರೆ ಕಾರಣ ಬೇಕಾಗಿಲ್ಲ.

ವಾಕಿಟಾಕಿಯ ಅಲೆ ಬಹುಮಟ್ಟಿಗೆ ನೇರ ದಾರಿಯಲ್ಲೇ ಹೋಗುತ್ತದೆ. ನಡುವೆ ಗುಡ್ಡ ಅಡ್ಡ ಬಂದರೆ ಎರಡು ಕಿಲೋಮೀಟರ್ ಆಚೆಯ ಮನೆಗೂ ಮುಟ್ಟದಿರಬಹುದು. ಆ ಗುಡ್ಡದ ನೆತ್ತಿಯ ಮೇಲೆಯೇ ಒಂದು ಯಂತ್ರವಿಟ್ಟು, ಈಚೆ ಕಣಿವೆಯ ಮಾತನ್ನು ಕೇಳಿದ ಕ್ಷಣವೇ ಆಚೆ ಕಣಿವೆಗೆ ಮತ್ತೆ ಹೇಳಿಸಿದರೆ ತೊಂದರೆ ತೀರಿತು. ಇದೇ ರಿಪೀಟರ್. ಸುತ್ತಲಿನ ಬಯಲಿಗಿಂತ 100 ಮೀಟರ್ ಮೇಲಿರುವ ಆಂಟೆನಾಕ್ಕೆ ಸುಮಾರು 41 ಕಿಲೋಮೀಟರ್ ದೂರದವರೆಗೆ ರೇಡಿಯೋ ದಿಗಂತ ಕಾಣುತ್ತದೆ. ಮಲೆನಾಡಿನಲ್ಲಿ ಇನ್ನೊಂದು ಗುಡ್ಡ ಅಡ್ಡ ಬರುವುದರಿಂದ ಇಷ್ಟು ಸಿಗುವುದು ಅಪರೂಪ.

ಮೊಬೈಲ್ ರೇಡಿಯೋ ಎಂದರೆ ಕೈಫೋನಲ್ಲ; ಜೀಪಿನಲ್ಲಿ ಕೂರಿಸುವ, 12 ವೋಲ್ಟ್ ಬ್ಯಾಟರಿಯಿಂದ ನಡೆಯುವ ಸೆಟ್ಟು. ಎರಡು ಸೆಟ್ಟುಗಳಲ್ಲಿ ಒಂದು ಕೇಳುವುದಕ್ಕೆ, ಇನ್ನೊಂದು ಹೇಳುವುದಕ್ಕೆ. ಕೇಳುವ ಸೆಟ್ಟಿಗೆ ಅಲೆ ಬಿದ್ದೊಡನೆ ಅದರ ಸ್ಕ್ವೆಲ್ಚ್ ತೆರೆಯುತ್ತದೆ. ಹಿಂಭಾಗದ ಸಾಕೆಟ್ಟಿನ ಒಂದು ತಂತಿಯಲ್ಲಿ ವೋಲ್ಟೇಜು ಬದಲಾಗುತ್ತದೆ. ಕೆಲವು ಸೆಟ್ಟುಗಳಲ್ಲಿ ಇದು ಏರುತ್ತದೆ, ಕೆಲವುಗಳಲ್ಲಿ ಇಳಿಯುತ್ತದೆ. ಮೀಟರ್ ಹಿಡಿದು ನೋಡಿಯೇ ಮುಂದುವರಿಯತಕ್ಕದ್ದು. ಏರುವುದಾದರೆ 10 ಕಿಲೋ ಓಮ್ ರೆಸಿಸ್ಟರಿನ ಮೂಲಕ ಬಿಸಿ 547 ಟ್ರಾನ್ಸಿಸ್ಟರಿನ ಬೇಸಿಗೆ ಕೊಟ್ಟು, ಎಮಿಟರನ್ನು ನೆಲಕ್ಕೂ ಕಲೆಕ್ಟರನ್ನು ಎರಡನೆಯ ಸೆಟ್ಟಿನ ಮಾತಿನ ಗುಂಡಿಯ ತಂತಿಗೂ ಜೋಡಿಸಿದರೆ ಗುಂಡಿ ತಾನಾಗಿಯೇ ಒತ್ತಿದಂತಾಗುತ್ತದೆ. ಮಾತಿನ ತಂತಿಯನ್ನು ಮಾತ್ರ ನೇರವಾಗಿ ಜೋಡಿಸಬಾರದು. ಸ್ಪೀಕರಿನಲ್ಲಿ ವೋಲ್ಟುಗಟ್ಟಲೆ ಇರುವುದು ಮೈಕಿಗೆ ಬೇಕಾದದ್ದು ಮಿಲಿವೋಲ್ಟುಗಳಷ್ಟೇ. ಪ್ರಿಸೆಟ್ ಹಾಕಿ ತಗ್ಗಿಸಬೇಕು. ಇಲ್ಲವಾದರೆ ಒಡೆದ ಕಂಠವೇ ಹೊರಬರುತ್ತದೆ.

ಇಷ್ಟು ಕೆಲಸ ಒಂದು ಭಾನುವಾರದಲ್ಲಿ ಮುಗಿದೀತು. ನಿಜವಾದ ಕಷ್ಟ ಬರುವುದು ಇದರ ಮುಂದೆ. ಪಿಸುಮಾತು ಕೇಳಲು ಕಿವಿಗೊಟ್ಟವನ ಪಕ್ಕದಲ್ಲೇ ಒಬ್ಬ ನಿಂತು ಕೂಗಿದರೆ ಏನಾದೀತು? ಎರಡೂ ಸೆಟ್ಟುಗಳು 144ರಿಂದ 146 ಮೆಗಾಹರ್ಟ್ಸಿನ ಪಟ್ಟಿಯಲ್ಲೇ ಇದ್ದರೆ ಹೇಳುವ ಸೆಟ್ಟು ಕೇಳುವ ಸೆಟ್ಟನ್ನು ಕಿವುಡು ಮಾಡುತ್ತದೆ. ತಪ್ಪಿಸಲು ಡುಪ್ಲೆಕ್ಸರ್ ಎಂಬ ಲೋಹದ ಡಬ್ಬಿಗಳ ಸಾಲು ಬೇಕು. ಅದು ದುಬಾರಿ, ಹೊಂದಿಸಲು ಉಪಕರಣವೂ ಬೇಕು. ಹೊಸಬರಿಗೆ ಸುಲಭದ ದಾರಿಯೆಂದರೆ 145ರ ಸುಮಾರಿನಲ್ಲಿ ಕೇಳಿ, 434ರಿಂದ 438ರ ಪಟ್ಟಿಯಲ್ಲಿ ಹೇಳುವುದು. ಇದನ್ನು ತಿರುಗಿಸಿ ಮಾಡಬಾರದು. 145ರ ಮೂರರಷ್ಟು 435. ಆದಕಾರಣ 145ರಲ್ಲಿ ಹೇಳುವ ಸೆಟ್ಟಿನ ಸೋರಿಕೆ ನೇರವಾಗಿ ಕೇಳುವ ಸೆಟ್ಟಿನ ಕಿವಿಗೇ ಬೀಳುವ ಸಂಭವ ಹೆಚ್ಚು. ಮರಗಳ ನಡುವೆ ನುಸುಳಲು 145ರ ಅಲೆಯೇ ಮೇಲು. ಅದು ಕಣಿವೆಯ ಬಡಪಾಯಿ ಕೈಸೆಟ್ಟಿನ ಪಾಲಿಗೆ ಇರಲಿ.

50 ವ್ಯಾಟಿನ ಸೆಟ್ಟನ್ನು ರಿಪೀಟರಿನಲ್ಲಿ 10 ವ್ಯಾಟಿಗೆ ಇಳಿಸಿ, ಬೆನ್ನಿಗೆ ಫ್ಯಾನು ಹಾಕತಕ್ಕದ್ದು. ಜೀಪಿನಲ್ಲಿ ಅರ್ಧ ನಿಮಿಷ ಮಾತನಾಡಲು ಮಾಡಿದ ಸೆಟ್ಟು ಅದು. ಗಂಟೆಗಟ್ಟಲೆ ದುಡಿಸಿದರೆ ಸುಟ್ಟುಹೋಗುತ್ತದೆ. ಯಾರದೋ ಗುಂಡಿ ಸಿಕ್ಕಿಕೊಂಡರೆ ಮೂರು ನಿಮಿಷಕ್ಕೆ ತಾನೇ ನಿಲ್ಲುವ ಟೈಮರೂ ಇರಲಿ.

ಬ್ಯಾಟರಿಯ ಲೆಕ್ಕವನ್ನು ಗೊಬ್ಬರದ ಲೆಕ್ಕದಷ್ಟೇ ಜಾಗ್ರತೆಯಿಂದ ಹಾಕಬೇಕು. ಸುಮ್ಮನಿದ್ದಾಗ ಎರಡೂ ಸೆಟ್ಟು ಸೇರಿ 1 ಆಂಪಿಯರ್ ಎಳೆದರೆ ದಿನಕ್ಕೆ 24 ಆಂಪಿಯರ್ ಅವರ್. ದಿನಕ್ಕೆ 2 ಗಂಟೆ ಮಾತಿಗೆ 5 ಆಂಪಿಯರಿನಂತೆ ಇನ್ನೂ 10. ಒಟ್ಟು 34. ಮೂರು ದಿನ ಮೋಡ ಮುಸುಕಿದರೆ 102. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಬಾರದಾದ್ದರಿಂದ ಸುಮಾರು 200 ಆಂಪಿಯರ್ ಅವರ್ ಬೇಕೆಂದಾಯಿತು. ಆಷಾಢದ ಮಳೆ ಮೂರೇ ದಿನಕ್ಕೆ ಬಿಡುವುದೂ ಇಲ್ಲ. ರಿಪೀಟರು ಅತಿ ಅಗತ್ಯವಾಗುವ ದಿನಗಳಲ್ಲೇ ಸೌರಫಲಕ ಸೋಲುತ್ತದೆ. ಹೊತ್ತೊಯ್ಯಬಹುದಾದ ತುಂಬಿದ ಬ್ಯಾಟರಿಯೊಂದು ಕೆಳಗಿನ ಮನೆಯಲ್ಲಿ ಸದಾ ಸಿದ್ಧವಿರಬೇಕು.

ಅಡಿಕೆ ಮರದ ತುದಿಗೆ ಆಂಟೆನಾ ಕಟ್ಟುವ ಯೋಚನೆ ಸಹಜ. ಆದರೆ ಗಾಳಿಗೆ ಮರ ತೂಗಾಡಿ ಕೇಬಲ್ಲು ಕಿತ್ತುಬರುತ್ತದೆ. ಕಬ್ಬಿಣದ ಕೊಳವೆಯೇ ಸರಿ. ಸಿಡಿಲಿಗೆ ತಡೆ ಮತ್ತು ಒಳ್ಳೆಯ ಅರ್ಥಿಂಗ್ ಇಲ್ಲದೆ ಗುಡ್ಡದ ಮೇಲೆ ಏನನ್ನೂ ಇಡಬಾರದು.

ಇನ್ನು ಕಾನೂನು. ಕೇಂದ್ರ ದೂರಸಂಪರ್ಕ ಇಲಾಖೆಯ ಪರೀಕ್ಷೆ ಪಾಸು ಮಾಡಿ ಪರವಾನಗಿ ಪಡೆದವರೇ ಈ ಪಟ್ಟಿಗಳಲ್ಲಿ ಮಾತನಾಡಬಹುದು. ರಿಪೀಟರಿಗೆ ಪ್ರತ್ಯೇಕ ಅನುಮತಿ ಬೇಕು. ಕಾಫಿಯ ದರ, ಕೂಲಿಯಾಳಿನ ಏರ್ಪಾಡು ಮುಂತಾದ ವ್ಯವಹಾರದ ಮಾತು ಇಲ್ಲಿ ನಿಷಿದ್ಧ. ಈ ಕಟ್ಟು ಕೆಲವರಿಗೆ ಬೇಸರ ತರಬಹುದಾದರೂ ಆಪತ್ತಿನ ಹೊತ್ತಿಗೆ ದಾರಿ ತೆರವಾಗಿರುವುದು ಇದರಿಂದಲೇ. ಬೆಂಗಳೂರು, ಮೈಸೂರು, ಮಂಗಳೂರುಗಳಲ್ಲಿ ಹ್ಯಾಮ್ ಸಂಘಗಳಿವೆ. ಊರಿಗೆ ಇಬ್ಬರಾದರೂ ಅಲ್ಲಿ ಕಲಿತು ಪರೀಕ್ಷೆಗೆ ಕೂರುವುದು ಒಳ್ಳೆಯದು. ಅನುಮತಿ ಕೈಸೇರಿದ ಮೇಲೆ ಯಂತ್ರವನ್ನು ನೇರವಾಗಿ ಗುಡ್ಡ ಹತ್ತಿಸದೆ, ಒಂದು ತಿಂಗಳು ಮನೆಯ ಅಂಗಳದಲ್ಲೇ ನಡೆಸಿ ನೋಡಬೇಕು. ಕೆಟ್ಟರೆ ಅಲ್ಲೇ ಕೆಡಲಿ.