ಬರಿದಾದ ಪಾತ್ರೆಯನ್ನು ಕಂಡ ತಾಯಿ

(ಮಾತೆ ಮರಿಯಮ್ಮನವರ ಜನನೋತ್ಸವ, ತೆನೆಹಬ್ಬದ ಪ್ರಬೋಧನೆ)



ಒಂಬತ್ತು ದಿನ ನಮ್ಮ ಮಕ್ಕಳು ಹೂ ತಂದು ಮಾತೆಗೆ ಅರ್ಪಿಸಿದ್ದಾರೆ. ಸೆಪ್ಟೆಂಬರ್ 8ರ ಈ ದಿನ ಆಶೀರ್ವದಿಸಿದ ತೆನೆಯನ್ನು ಮನೆಗೆ ಒಯ್ದು, ಹೊಸ ಕಾಳನ್ನು ಪಾಯಸಕ್ಕೆ ಬೆರೆಸಿ, ಎಲ್ಲರೂ ಒಟ್ಟಿಗೆ ಉಣ್ಣುತ್ತೇವೆ.

ಕಾನಾ ಊರಿನ ಮದುವೆಯನ್ನು ನೆನೆಯಿರಿ. ಮನೆಯವರು ಬಂದು ಕೈಯೊಡ್ಡಿದರೆಂದು ಶುಭಸಂದೇಶ ಹೇಳುವುದಿಲ್ಲ. ದ್ರಾಕ್ಷಾರಸ ಮುಗಿದದ್ದನ್ನು ಮಾತೆ ತಾವಾಗಿಯೇ ಗಮನಿಸಿ ಮಗನಿಗೆ ತಿಳಿಸಿದರು.

ಒಮ್ಮೆ ಮಳೆಗಾಲದಲ್ಲಿ ತೋಟದ ಲೈನ್ ಮನೆಯೊಂದಕ್ಕೆ ಭೇಟಿ ಕೊಟ್ಟಿದ್ದೆ. ತಾಯಿ ಕಾಫಿ ಕೊಟ್ಟು, "ಈಗಷ್ಟೇ ಎಲ್ಲರದ್ದೂ ಊಟ ಆಯಿತು ಫಾದರ್" ಎಂದರು. ಪುಟ್ಟ ಮಗ, "ಅಮ್ಮ ಉಂಡಿಲ್ಲ" ಎಂದುಬಿಟ್ಟ. ಆಕೆ ತಲೆ ತಗ್ಗಿಸಿದರು. ಆ ಮನೆಗೆ ನಾನು ಎಷ್ಟೋ ಸಲ ಹೋಗಿದ್ದೆ, ಆದರೆ ಕಂಡಿರಲಿಲ್ಲ.

ಹಣದ ಮುಗ್ಗಟ್ಟು ಮೊದಲು ಕಾಣಿಸುವುದು ಅಡುಗೆಮನೆಯಲ್ಲಿ. ಸಂಘದ ಸಾಲಕ್ಕೆ ಕಂತಿನ ದಿನವಿದೆ, ಶಾಲೆಯ ಫೀಸಿಗೆ ಗಡುವಿದೆ. ಊಟಕ್ಕೆ ಮಾತ್ರ ಗಡುವು ಹಾಕುವವರಿಲ್ಲ. ಮೊದಲು ಮೀನು, ಮೊಟ್ಟೆ ನಿಲ್ಲುತ್ತದೆ. ಬಳಿಕ ಹಾಲು, ಬೇಳೆ. ಕೊನೆಗೆ "ನನಗೆ ಹಸಿವಿಲ್ಲ" ಎಂದು ತಾಯಿ ತನ್ನ ತಟ್ಟೆಯನ್ನೇ ಎತ್ತಿಡುತ್ತಾಳೆ.

ನಮ್ಮ ಕೊಡಗಿನಲ್ಲಿ ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಕೈತುಂಬ ಕೆಲಸ. ಜೂನ್‌ನಲ್ಲಿ ಮಳೆ ಹಿಡಿದರೆ ಕೂಲಿಯ ದಿನಗಳು ಕಡಿಮೆಯಾಗುತ್ತವೆ. ಶಾಲೆಗೆ ಮಳೆ ರಜೆ ಕೊಟ್ಟರೆ ಮಗುವಿನ ಬಿಸಿಯೂಟವೂ ತಪ್ಪುತ್ತದೆ. 2013ರ ಆಹಾರ ಭದ್ರತಾ ಕಾಯ್ದೆಯಂತೆ ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕಿಲೋ ಧಾನ್ಯ ಸಿಗಬೇಕು. ಅದು ಹಕ್ಕು, ಭಿಕ್ಷೆಯಲ್ಲ. ಆದರೆ ಬೇಳೆ, ಎಣ್ಣೆ, ತರಕಾರಿಗೆ ಕೈಯಲ್ಲಿ ಕಾಸಿರಬೇಕಲ್ಲವೇ?

ಹಸಿವು ಬೇರೆಯವರ ಮನೆಯದು ಎನ್ನಬೇಡಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ, ಸ್ವಂತ ತೋಟವಿದ್ದವರೂ ಪರಿಹಾರ ಕೇಂದ್ರದಲ್ಲಿ ಊಟಕ್ಕೆ ಕಾಯಬೇಕಾಯಿತು. ಇನ್ನೂ ಹಿಂದೆ, 18ನೆಯ ಶತಮಾನದ ಕೊನೆಯಲ್ಲಿ, ಶ್ರೀರಂಗಪಟ್ಟಣದ ಸೆರೆಯಿಂದ ಪಾರಾಗಿ ಬಂದ ಕ್ರೈಸ್ತರಿಗೆ ದೊರೆ ದೊಡ್ಡ ವೀರರಾಜೇಂದ್ರ ವಿರಾಜಪೇಟೆಯಲ್ಲಿ ನೆಲೆ ಕೊಟ್ಟರು. ಬರಿಗೈಯಲ್ಲಿ ಬಂದವರನ್ನು ಈ ನೆಲ ಉಣಿಸಿತು.

ಹಾಗಾದರೆ ನಾವೇನು ಮಾಡಬೇಕು? ತೋಟದ ಯಜಮಾನರೇ, ವಾರದ ಕೂಲಿಯನ್ನು ಆ ವಾರವೇ ಕೊಡಿ. ಪಡಿತರ ಚೀಟಿಯಲ್ಲಿ ಹೆಸರು ಬಿಟ್ಟುಹೋದವರಿಗೆ, ಓದು ಬಲ್ಲ ಯುವಕ ಯುವತಿಯರೇ, ಅರ್ಜಿ ಬರೆದುಕೊಡಿ. ನೆರೆಯವರು "ಊಟ ಆಯಿತು" ಎಂದರೆ ಇನ್ನೊಮ್ಮೆ ಕೇಳಿ. ಕೊಡುವಾಗ ಫೋಟೋ ಬೇಡ, ಸದ್ದು ಬೇಡ. ಕಷ್ಟದಲ್ಲಿರುವ ತಾಯಂದಿರೇ, ನಾಚಿಕೆ ಪಡಬೇಡಿ. ನಿಮ್ಮ ಧರ್ಮಕೇಂದ್ರದ ಬಾಗಿಲು ತಟ್ಟಿ. ಕಂತಿಗಾಗಿ ಮಗುವಿನ ತುತ್ತನ್ನು, ನಿಮ್ಮ ತುತ್ತನ್ನು ಕಡಿಯಬೇಡಿ.

ಇಂದು ಪಾಯಸ ಬಡಿಸುವ ಮುನ್ನ ನಿಮ್ಮ ಮನೆಯಲ್ಲೇ ಒಮ್ಮೆ ಸುತ್ತ ನೋಡಿ: ಅಮ್ಮ ಕುಳಿತಿದ್ದಾರೆಯೇ? ಬಳಿಕ ಪಕ್ಕದ ಮನೆಯ ಕಡೆ ನೋಡಿ. ಕಾನಾದಲ್ಲಿ ಕೊರತೆಯನ್ನು ಕಂಡ ಮಾತೆ, ಕಾಣುವ ಕಣ್ಣನ್ನು ನಮಗೂ ಬೇಡಿಕೊಡಲಿ. ಆಮೆನ್.