ಬೆಳಕು ಸೂಸುವ ನ್ಯಾನೋ ಕಣಗಳು

ವೀಣೆಯ ತಂತಿಯನ್ನು ಬೆರಳಿನಿಂದ ಒತ್ತಿ, ಮಿಡಿಯುವ ಭಾಗವನ್ನು ಗಿಡ್ಡವಾಗಿಸಿದಂತೆಲ್ಲ ಸ್ವರವು ಏರುತ್ತದೆ. ಅರೆವಾಹಕ ವಸ್ತುವಿನ ಹರಳನ್ನು ಕೆಲವೇ ನ್ಯಾನೋಮೀಟರುಗಳಷ್ಟು ಕಿರಿದುಗೊಳಿಸಿದಾಗಲೂ ಇಂಥದೇ ವಿದ್ಯಮಾನ ಕಂಡುಬರುತ್ತದೆ. ನ್ಯಾನೋಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲೊಂದು ಪಾಲು. ಅಷ್ಟು ಇಕ್ಕಟ್ಟಿನಲ್ಲಿ ಸಿಲುಕಿದ ಎಲೆಕ್ಟ್ರಾನಿನ ಶಕ್ತಿಮಟ್ಟ ಮೇಲೇರುತ್ತದೆ. ಆದುದರಿಂದಲೇ ಕ್ಯಾಡ್ಮಿಯಂ ಸೆಲೆನೈಡಿನ ಸುಮಾರು 6 ನ್ಯಾನೋಮೀಟರ್ ಕಣವು ಕೆಂಪು ಬೆಳಕನ್ನು ಸೂಸಿದರೆ, 2 ನ್ಯಾನೋಮೀಟರಿನ ಕಣವು ನೀಲಿಯತ್ತ ಸರಿಯುತ್ತದೆ. ವಸ್ತು ಒಂದೇ, ಬಣ್ಣ ಬೇರೆ! ಈ ಕ್ವಾಂಟಂ ಚುಕ್ಕೆಗಳಿಗಾಗಿ ಎಕಿಮೋವ್, ಬ್ರೂಸ್, ಬಾವೆಂಡಿ ಅವರಿಗೆ 2023ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು.

ಇಂಥ ಕಣಗಳ ತಯಾರಿಕೆಗೆ ಸಾಮಾನ್ಯವಾಗಿ ಸುಮಾರು 300 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು. ಪುಣೆಯ ಪಾಷಾಣದಲ್ಲಿ, 1950ರಲ್ಲಿ ಆರಂಭಗೊಂಡ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ವಿಜ್ಞಾನಿಗಳಾದ ಅಬ್ಸಾರ್ ಅಹಮದ್, ಮುರಳಿ ಶಾಸ್ತ್ರಿ ಮತ್ತು ಅವರ ಸಂಗಡಿಗರು ಬೇರೊಂದು ದಾರಿಯನ್ನು ಹಿಡಿದರು. ಬಾಳೆಗೆ ಸೊರಗು ರೋಗವನ್ನು ತರುವ ಫ್ಯುಸೇರಿಯಂ ಆಕ್ಸಿಸ್ಪೋರಂ ಎಂಬ ಜಾತಿಯ ಶಿಲೀಂಧ್ರವನ್ನು ಕ್ಯಾಡ್ಮಿಯಂ ಸಲ್ಫೇಟಿನ ದ್ರಾವಣದಲ್ಲಿ ಇರಿಸಿದರು. ಶಿಲೀಂಧ್ರವು ಹೊರಸೂಸಿದ ಕಿಣ್ವಗಳು ಸಲ್ಫೇಟನ್ನು ಪರಿವರ್ತಿಸಿ, 5ರಿಂದ 20 ನ್ಯಾನೋಮೀಟರ್ ಗಾತ್ರದ ಕ್ಯಾಡ್ಮಿಯಂ ಸಲ್ಫೈಡ್ ಕಣಗಳನ್ನು ದ್ರಾವಣದಲ್ಲಿಯೇ ರೂಪಿಸಿದವು. ಈ ಸಂಶೋಧನೆ 2002ರಲ್ಲಿ ಪ್ರಕಟವಾಯಿತು. ರೈತನ ಶತ್ರುವೊಂದು ಪ್ರಯೋಗಶಾಲೆಯ ಕುಶಲಕರ್ಮಿಯಾದುದು ಸಣ್ಣ ಸಂಗತಿಯಲ್ಲ.

ಬೆಳಕು ಸೂಸುವುದು ಬೇರೆ, ಲೇಸರ್ ಆಗುವುದು ಬೇರೆ. ಲೇಸರಿಗೆ ಅಧಿಕ ಸಂಖ್ಯೆಯ ಕಣಗಳು ಏಕಕಾಲದಲ್ಲಿ ಉದ್ರೇಕಗೊಂಡಿರಬೇಕು. ಆದರೆ ಒಂದೇ ಕಣದಲ್ಲಿ ಎರಡು ಉದ್ರೇಕಗಳು ಸೇರಿದರೆ, ಒಂದು ತನ್ನ ಶಕ್ತಿಯನ್ನು ಬೆಳಕಾಗಿಸದೆ ಇನ್ನೊಂದಕ್ಕೆ ಕೊಟ್ಟುಬಿಡುತ್ತದೆ. ಕಣ ಕಿರಿದಾದಷ್ಟೂ ಈ ನಷ್ಟ ಶೀಘ್ರ. ಈ ತೊಡಕಿನ ನಡುವೆಯೂ ಬೆಳಕು ವರ್ಧಿಸಬಲ್ಲದೆಂದು ಅಮೆರಿಕದ ಲಾಸ್ ಅಲಮೋಸ್‌ನಲ್ಲಿ 2000ದಲ್ಲಿ ತೋರಿಸಲಾಯಿತು. ಗಾತ್ರವನ್ನು ಬದಲಿಸಿ ಲೇಸರಿನ ಬಣ್ಣವನ್ನು ಬೇಕಾದಂತೆ ಹೊಂದಿಸಿಕೊಳ್ಳುವ ಆಸೆಗೆ ಅಂದಿನಿಂದ ಬಲ ಬಂದಿದೆ.

ರಾಸಾಯನಿಕ ಪ್ರಯೋಗಾಲಯದ ನೆರೆಯಲ್ಲೇ ಇರುವ, 2006ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯಲ್ಲಿ ಅಂಗ್ಶುಮಾನ್ ನಾಗ್ ಅವರ ತಂಡ ಪೆರೋವ್‌ಸ್ಕೈಟ್ ನ್ಯಾನೋ ಹರಳುಗಳನ್ನು ಅಭ್ಯಸಿಸುತ್ತ ಬಂದಿದೆ. ಸೀಸಿಯಂ, ಸೀಸ, ಬ್ರೋಮಿನ್‌ಗಳಿಂದಾದ ಹರಳು ಉಜ್ಜ್ವಲ ಹಸಿರು ಬೆಳಕನ್ನು ಕೊಡುತ್ತದೆ. ಇಲ್ಲಿ ಗಾತ್ರವನ್ನು ತಿದ್ದಬೇಕೆಂದಿಲ್ಲ: ಬ್ರೋಮಿನ್ ಬದಲು ಕ್ಲೋರಿನ್ ಬೆರೆಸಿದರೆ ನೀಲಿ, ಅಯೋಡಿನ್ ಬೆರೆಸಿದರೆ ಕೆಂಪು.

ಆದರೆ ಕ್ಯಾಡ್ಮಿಯಂ ಮೂತ್ರಪಿಂಡಕ್ಕೆ ವಿಷ, ಸೀಸ ಮಕ್ಕಳ ಮಿದುಳಿಗೆ ವಿಷ. ಮನೆಮನೆಯ ಟೆಲಿವಿಷನ್ ಪರದೆಯನ್ನು ಸೇರುವ ವಸ್ತು ಮುಂದೊಂದು ದಿನ ಕಸದ ರಾಶಿಯನ್ನೂ ಸೇರುತ್ತದೆಯಷ್ಟೆ. ಆದ್ದರಿಂದ ಪುಣೆಯ ಅದೇ ತಂಡ ಸೀಸದ ಬದಲು ಬೆಳ್ಳಿ, ಇಂಡಿಯಂಗಳಿರುವ ಹರಳುಗಳಿಗೆ ಬಿಸ್ಮತ್ ಹಾಗೂ ಎರ್ಬಿಯಂ ಬೆರೆಸಿ ಪರೀಕ್ಷಿಸಿದೆ. ಅವೂ ಬೆಳಗುತ್ತವೆ; ಆದರೆ ಎರ್ಬಿಯಂ ಸೂಸುವುದು ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು.