ಹತ್ತು ಆಲದ ಸಸಿ

ಬೆಳಗ್ಗೆ ಎಚ್ಚರವಾಗುತ್ತದೆ, ಏಳಲು ಮನಸ್ಸಾಗುವುದಿಲ್ಲ. ಎದ್ದು ಮಾಡುವುದಾದರೂ ಏನು, ಯಾರಿಗಾಗಿ ಅನಿಸುತ್ತದೆ. ಇಂಥ ಬೆಳಗುಗಳನ್ನು ನಾನೂ ಕಂಡಿದ್ದೇನೆ. ಆಗೆಲ್ಲ ನೆನಪಾಗುವವರು ಮಾಗಡಿ ತಾಲ್ಲೂಕು ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕ.

ಅವರಿಗೆ ಮಕ್ಕಳಾಗಲಿಲ್ಲ. ಜನರ ಮಾತು ಚುಚ್ಚುತ್ತಿತ್ತು, ಬದುಕೇ ಸಾಕೆನಿಸಿತ್ತು. ಓದಿರಲಿಲ್ಲ, ದಿನವೂ ಕೂಲಿ. ಹಾಗಿದ್ದರೂ ಊರಿಂದ ಕುದೂರಿಗೆ ಹೋಗುವ ದಾರಿಯಲ್ಲಿ ತಿಮ್ಮಕ್ಕ ದಂಪತಿ ಮೊದಲ ವರ್ಷ ನೆಟ್ಟದ್ದು ಹತ್ತೇ ಹತ್ತು ಆಲದ ಸಸಿ. ಗಂಡ ಚಿಕ್ಕಯ್ಯನವರ ಜೊತೆ ಬಿಂದಿಗೆಯಲ್ಲಿ ನೀರು ಹೊರುವುದು, ಬುಡಕ್ಕೆ ಹುಯ್ಯುವುದು, ದನ ಬಾಯಿ ಹಾಕದಂತೆ ಸುತ್ತ ಮುಳ್ಳು ಕಟ್ಟುವುದು. ಬದುಕಿನ ಅರ್ಥ ತಿಳಿದುಕೊಂಡು ಆಮೇಲೆ ಅವರು ಬಿಂದಿಗೆ ಎತ್ತಲಿಲ್ಲ. ಸಸಿಗೆ ಇವತ್ತು ನೀರು ಬೇಕಿತ್ತು, ಅಷ್ಟೆ. ನಮ್ಮ ಮನಸ್ಸು ಸೋತ ದಿನವೂ ಸಸಿಗೆ ಬಾಯಾರುತ್ತದಲ್ಲ!

ಹತ್ತು ಬೆಳೆದು 385 ಆಯಿತು. 1991ರಲ್ಲಿ ಚಿಕ್ಕಯ್ಯ ತೀರಿಕೊಂಡರು. ತಿಮ್ಮಕ್ಕ ಮರಗಳ ಕೈಬಿಡಲಿಲ್ಲ. 2019ರಲ್ಲಿ ಪದ್ಮಶ್ರೀ ಬಂತು. ನನ್ನ ಮಟ್ಟಿಗೆ ಪ್ರಶಸ್ತಿಗಿಂತ ಆ ಮೊದಲ ಬಿಂದಿಗೆ ನೀರೇ ದೊಡ್ಡದು.

ಕೇಳುಗರೇ, ಬಿಂದಿಗೆ ಎತ್ತುವ ತ್ರಾಣವೂ ಇಲ್ಲವೆನಿಸಿದರೆ ಒಬ್ಬರೇ ಕೊರಗಬೇಡಿ. ಮನೆಯವರ ಹತ್ತಿರ ಹೇಳಿಕೊಳ್ಳಿ. ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು; ಕನ್ನಡದಲ್ಲೇ ಮಾತನಾಡುತ್ತಾರೆ.